ಡಿ ಡ್ರೈವ್ ಮಾಯವಾದಾಗ: ಕಳಮನಾ ಮಂಡಿಯ ಒಂದು ಹಾರ್ಡ್ ಡಿಸ್ಕ್

ನಾಗಪುರದ ಕಳಮನಾ ಮಾರುಕಟ್ಟೆ ನೋಡಿದವರಿಗೆ ಅದರ ಹರವು ಗೊತ್ತು. ಕಿತ್ತಳೆಗೊಂದು ಕಡೆ, ಮೆಣಸಿನಕಾಯಿಗೊಂದು ಕಡೆ, ಕಾಳುಕಡಿಗೆ ಬೇರೆ, ಆಲೂಗಡ್ಡೆ ಈರುಳ್ಳಿಗೆ ಬೇರೆ. ಒಳಗೆ ಬಂದ ಲಾರಿಯವನು ಮೊದಲು ಕೇಳುವುದು ಯಾವ ಸಾಲು, ಎಷ್ಟನೇ ಅಂಗಡಿ ಅಂತ. ಇಂಥ ಮಂಡಿಯ ಗೇಟಿನಲ್ಲಿ ಒಂದು ಬೋರ್ಡ್ ಇದೆ ಅಂದುಕೊಳ್ಳಿ. 'ಇಲ್ಲಿಂದ ಇಲ್ಲಿಯವರೆಗೆ ಮೆಣಸಿನಕಾಯಿ, ಅಲ್ಲಿಂದ ಮುಂದೆ ಕಿತ್ತಳೆ' ಅಂತ ಅದರ ಮೇಲೆ ಬರೆದಿದೆ. ಒಂದು ರಾತ್ರಿ ಯಾರೋ ಆ ಬೋರ್ಡನ್ನು ಒರೆಸಿಬಿಟ್ಟರು. ಬೆಳಿಗ್ಗೆ ಬಂದ ಲಾರಿಯವನಿಗೆ ದಾರಿ ತಿಳಿಯುವುದಿಲ್ಲ. ಆದರೆ ಒಳಗಿನ ಗೋಣಿ ಒಂದೂ ಅಲ್ಲಾಡಿಲ್ಲ. ಪ್ರತಿ ಅಂಗಡಿಯ ಒಳಗೆ ಅದರ ಲೆಕ್ಕದ ಪುಸ್ತಕವೂ ಹಾಗೇ ಇದೆ.

ಹಾರ್ಡ್ ಡಿಸ್ಕಿನ ಪಾರ್ಟಿಶನ್ ಡಿಲೀಟ್ ಆಗುವುದು ಅಂದರೆ ಇಷ್ಟೇ. ಬೋರ್ಡ್ ಅಳಿಯಿತು, ಮಾಲು ಅಳಿಯಲಿಲ್ಲ. ನಿಜವಾದ ನಷ್ಟ ಶುರುವಾಗುವುದು ಆಮೇಲೆ. ಖಾಲಿ ಅಂತ ತಿಳಿದು ಆ ಜಾಗದಲ್ಲಿ ಹೊಸ ಗೋಣಿ ಇಳಿಸಿದಾಗ ಹಳೆಯದು ಹೋಗುತ್ತದೆ. ಈ ಬರಹದಲ್ಲಿ ನಾನು ಹೇಳಹೊರಟಿರುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಕಳಮನಾದ ಹೆಸರು ಸುಮ್ಮನೆ ತಂದಿದ್ದಲ್ಲ. 2025ರ ನವೆಂಬರ್‌ನಲ್ಲಿ ಅಲ್ಲಿಯ ಒಂದು ಅಡತ್ ಅಂಗಡಿಯಲ್ಲಿ ಇದೇ ಆಯಿತು. ಅಂಗಡಿಯ ಲೆಕ್ಕ ಬರೆಯುವ ಮುನೀಮರು ನಮ್ಮ ಕಲಬುರಗಿ ಕಡೆಯವರು, ಪರಿಚಯದವರು. ಕಿತ್ತಳೆಯ ಅಂಬಿಯಾ ಬಹಾರಿನ ಗದ್ದಲದ ದಿನಗಳು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿದಿತ್ತಲ್ಲ, ಅದಕ್ಕೇ ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸಲು ಒಬ್ಬ ಹುಡುಗನನ್ನು ಕರೆಸಿದ್ದರು. 'ಸಿ ಡ್ರೈವ್ ಮಾತ್ರ ಅಳಿಸು, ಡಿ ಮುಟ್ಟಬೇಡ' ಅಂತ ಹೇಳಿಯೂ ಇದ್ದರು. ಸಂಜೆ ನೋಡಿದರೆ ಕಂಪ್ಯೂಟರ್ ಚಂದವಾಗಿ ಓಡುತ್ತಿದೆ, ಆದರೆ ಅದರಲ್ಲಿರುವುದು ಒಂದೇ ದೊಡ್ಡ ಸಿ ಡ್ರೈವ್. ಡಿ ಇಲ್ಲ.

ಹುಡುಗ ಬೇಕಂತ ಮಾಡಿದ್ದಲ್ಲ. ಹಳೆಯ ಡಿಸ್ಕು ಎಂಬಿಆರ್ ಎಂಬ ಹಳೆ ಪದ್ಧತಿಯಲ್ಲಿ ಭಾಗವಾಗಿತ್ತು. ಯುಇಎಫ್‌ಐ ಕ್ರಮದಲ್ಲಿ ಬೂಟ್ ಮಾಡಿ ವಿಂಡೋಸ್ ಹಾಕಲು ಹೋದರೆ ಅದು ಜಿಪಿಟಿ ಎಂಬ ಹೊಸ ಪದ್ಧತಿಯನ್ನು ಕೇಳುತ್ತದೆ; ಎಂಬಿಆರ್ ಡಿಸ್ಕಿನ ಮೇಲೆ ಆಗುವುದಿಲ್ಲ ಅಂತ ನಿಂತುಬಿಡುತ್ತದೆ. ಆಗ ಬಹಳ ಜನ ಮಾಡುವ ಉಪಾಯ ಎಂದರೆ ಎಲ್ಲ ಪಾರ್ಟಿಶನ್‌ಗಳನ್ನೂ ಡಿಲೀಟ್ ಮಾಡಿ ಹೊಸದಾಗಿ ಶುರುಮಾಡುವುದು. ಡೇಟಾ ಉಳಿಸಿಕೊಂಡೇ ಪದ್ಧತಿ ಬದಲಿಸುವ ಎಂಬಿಆರ್-2-ಜಿಪಿಟಿ ಎಂಬ ಸಲಕರಣೆ ವಿಂಡೋಸಿನಲ್ಲೇ ಇದೆ. ಗೊತ್ತಿರುವವರು ಕಡಿಮೆ.

ಆ ಡಿ ಡ್ರೈವ್‌ನಲ್ಲಿ ಏನಿತ್ತು? ಅಂಗಡಿಯ ಏಳು ವರ್ಷದ ಟ್ಯಾಲಿ ಲೆಕ್ಕ, ರೈತರಿಗೆ ಕೊಟ್ಟ ಪಟ್ಟಿಗಳು. ಅದು ಸಾಹುಕಾರರ ಚಿಂತೆ. ಮುನೀಮರ ಚಿಂತೆ ಬೇರೆಯೇ ಇತ್ತು. ಅವರ ಊರಿನ ಜಮಾಅತ್‌ನವರು ಮಸೀದಿ, ಖಬರಸ್ತಾನ, ಈದ್ಗಾದ ಕಾಗದಗಳನ್ನು ಇವರ ಕೈಗೆ ಒಪ್ಪಿಸಿದ್ದರು. ಹಳೆಯ ಗೆಜೆಟ್ ಪ್ರತಿ, ಪಹಣಿ, ಸರ್ವೆ ನಕ್ಷೆ, ಕೈಬರಹದ ಉರ್ದು ದಸ್ತಾವೇಜು. ವಕ್ಫ್ ಆಸ್ತಿಗಳ ವಿವರ ಏರಿಸುವ ಉಮೀದ್ ಪೋರ್ಟಲ್ 2025ರ ಜೂನ್ 6ರಂದು ಶುರುವಾಗಿತ್ತು, ಕೊಟ್ಟ ಅವಧಿ ಆರು ತಿಂಗಳು. ಅಂದರೆ ಉಳಿದಿದ್ದು ಕೆಲವೇ ವಾರ. ಊರಿನಲ್ಲಿ ಸ್ಕ್ಯಾನ್ ಮಾಡಿಸಿ ತಂದು ಡಿ ಡ್ರೈವ್‌ನಲ್ಲಿ ಇಟ್ಟಿದ್ದರು. ಪೆನ್ ಡ್ರೈವ್ ಖಾಲಿ ಮಾಡಿ ವಾಪಸ್ ಕೊಟ್ಟಾಗಿತ್ತು.

ಫೋನ್ ಮಾಡಿದಾಗ ಅವರು ಕೇಳಿದ್ದು ಯಾವ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಲಿ ಅಂತ. ಎಲ್ಲರೂ ಕೇಳುವುದು ಇದನ್ನೇ. ನಾನು ಹೇಳಿದ್ದು, 'ಏನೂ ಡೌನ್‌ಲೋಡ್ ಮಾಡಬೇಡಿ ಭಾಯ್. ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ತೆಗೆಯಿರಿ.' ಯಾಕೆ ಅಂತ ತಿಳಿಯಬೇಕಾದರೆ ಡಿಸ್ಕಿನ ಒಳಗೆ ಸ್ವಲ್ಪ ಇಣುಕಬೇಕು.

ಹಾರ್ಡ್ ಡಿಸ್ಕ್ ಅಂದರೆ ಸಾಲಾಗಿ ನಂಬರ್ ಹಾಕಿದ ಚಿಕ್ಕ ಚಿಕ್ಕ ಖಾನೆಗಳು. ಒಂದೊಂದಕ್ಕೆ ಸೆಕ್ಟರ್ ಅಂತಾರೆ, ಲೆಕ್ಕಕ್ಕೆ ಸಾಮಾನ್ಯವಾಗಿ 512 ಬೈಟ್. 1 ಟಿಬಿ ಡಿಸ್ಕಿನಲ್ಲಿ ಇಂಥ ಖಾನೆ ಸುಮಾರು 195 ಕೋಟಿ. ಎಂಬಿಆರ್ ಪದ್ಧತಿಯಲ್ಲಿ ಇವುಗಳ ಪೈಕಿ ಮೊಟ್ಟಮೊದಲ ಖಾನೆಯೇ ಗೇಟಿನ ಬೋರ್ಡು. ಅದರ 512 ಬೈಟ್‌ನಲ್ಲಿ 446 ಬೈಟ್ ಕಂಪ್ಯೂಟರ್ ಏಳುವಾಗ ಬೇಕಾದ ಪುಟ್ಟ ಕಾರ್ಯಕ್ರಮಕ್ಕೆ, ಕೊನೆಯ 2 ಬೈಟ್ ಗುರುತಿನ ಮೊಹರಿಗೆ, ನಡುವಿನ 64 ಬೈಟ್ ಪಾರ್ಟಿಶನ್ ಪಟ್ಟಿಗೆ. ನಾಲ್ಕು ಸಾಲು, ಸಾಲಿಗೆ 16 ಬೈಟ್. ಎಷ್ಟನೇ ಸೆಕ್ಟರಿನಿಂದ ಶುರು, ಎಷ್ಟು ಉದ್ದ, ಯಾವ ಬಗೆ. ಇನ್ನೇನೂ ಇಲ್ಲ. ನೂರಾರು ಜಿಬಿಯ ಒಂದು ಡ್ರೈವ್ ಕಾಣುವುದೂ ಕಾಣದಿರುವುದೂ ಈ 16 ಬೈಟಿನ ಮೇಲೆ ನಿಂತಿದೆ. ಎಂಬಿಆರ್ ಪದ್ಧತಿಗೆ 2 ಟಿಬಿ ಆಸುಪಾಸಿನ ಮಿತಿ ಇರುವುದಕ್ಕೂ ಈ ಇಕ್ಕಟ್ಟೇ ಕಾರಣ. ಆ 16 ಬೈಟ್‌ನಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆ ಬರೆಯಲು ಜಾಗ ಇಲ್ಲ.

ಜಿಪಿಟಿ ಪದ್ಧತಿ ಇದಕ್ಕಿಂತ ಉದಾರ. ಸಾಮಾನ್ಯವಾಗಿ 128 ಸಾಲು, ಸಾಲಿಗೆ 128 ಬೈಟ್. ಜೊತೆಗೆ ಇಡೀ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಗೆ. ಹಾಗಾದರೆ ಆ ಪ್ರತಿಯಿಂದ ಡಿಲೀಟ್ ಆದದ್ದನ್ನು ತಂದುಬಿಡಬಹುದಲ್ಲ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಆಗುವುದಿಲ್ಲ. ಮೊದಲ ಪಟ್ಟಿ ಕೆಟ್ಟರೆ ಆ ಪ್ರತಿ ನೆರವಿಗೆ ಬರುತ್ತದೆ. ನಾವೇ ಡಿಲೀಟ್ ಒತ್ತಿದಾಗ ವಿಂಡೋಸ್ ಎರಡೂ ಕಡೆ ಅಳಿಸುತ್ತದೆ.

ಉಳಿಸುವುದು ಅಂಗಡಿಯ ಒಳಗಿನ ಪುಸ್ತಕ. ವಿಂಡೋಸಿನ ಎನ್‌ಟಿಎಫ್‌ಎಸ್ ಪಾರ್ಟಿಶನ್‌ನ ಮೊದಲ ಸೆಕ್ಟರಿನಲ್ಲಿ ಅದರ ಅಳತೆ, ಗುರುತು ಎಲ್ಲ ಇರುತ್ತದೆ, ಅದರ ನಕಲು ಅದೇ ಪಾರ್ಟಿಶನ್‌ನ ಕೊನೆಯ ಸೆಕ್ಟರಿನಲ್ಲಿ. ಒಳಗೆ ಎಂಎಫ್‌ಟಿ ಎಂಬ ಖಾತೆ ಪುಸ್ತಕ. ಪ್ರತಿ ಫೈಲಿಗೆ ಅದರಲ್ಲಿ ಸಾಮಾನ್ಯವಾಗಿ 1 ಕೆಬಿಯ ಒಂದು ಪುಟ: ಹೆಸರೇನು, ಯಾವ ಫೋಲ್ಡರ್, ಯಾವ ತಾರೀಕು, ಡೇಟಾ ಯಾವ ಯಾವ ಜಾಗದಲ್ಲಿದೆ. ತೀರಾ ಸಣ್ಣ ಫೈಲಾದರೆ ಅದರ ಡೇಟಾ ಕೂಡ ಆ ಪುಟದಲ್ಲೇ ಕೂತಿರುತ್ತದೆ. ಪಾರ್ಟಿಶನ್ ಡಿಲೀಟ್ ಮಾಡಿದಾಗ ಈ ಪುಸ್ತಕಕ್ಕೆ ಏನೂ ಆಗುವುದಿಲ್ಲ. ಅದಕ್ಕೇ ಬರೀ ಡಿಲೀಟ್ ಆದ ಪಾರ್ಟಿಶನ್‌ನಿಂದ ಫೈಲುಗಳು ಹೆಸರು, ಫೋಲ್ಡರ್ ಸಮೇತ ಮರಳಿ ಬರುತ್ತವೆ.

ಫಾರ್ಮ್ಯಾಟ್ ಮಾಡಿದರೆ ಕಥೆ ಬೇರೆ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಹೊಸ ಖಾತೆ ಪುಸ್ತಕ ಶುರುವಾಗುತ್ತದೆ, ಹಳೆಯದರ ಮೊದಲ ಪುಟಗಳು ಅದರಡಿ ಸಿಗಬಹುದು, ಉಳಿದವು ಸಾಮಾನ್ಯವಾಗಿ ಬದುಕಿರುತ್ತವೆ. ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ವಿಸ್ತಾದಿಂದ ಈಚೆಗೆ ಇಡೀ ಪಾರ್ಟಿಶನ್ ಮೇಲೆ ಸೊನ್ನೆ ಬರೆಯಲಾಗುತ್ತದೆ. ಎಕ್ಸ್‌ಪಿ ಕಾಲದಲ್ಲಿ ಹೀಗಿರಲಿಲ್ಲ. ಆ ಕಾಲದ ಅನುಭವ ಹೇಳಿ 'ಫಾರ್ಮ್ಯಾಟ್ ಆದ್ರೂ ಬರುತ್ತೆ ಬಿಡಿ' ಅನ್ನುವವರನ್ನು ನಂಬಬೇಡಿ. ಡಿಸ್ಕ್‌ಪಾರ್ಟ್‌ನ 'ಕ್ಲೀನ್' ಆಜ್ಞೆಗೂ 'ಕ್ಲೀನ್ ಆಲ್' ಆಜ್ಞೆಗೂ ಇದೇ ಅಂತರ. ಮೊದಲನೆಯದು ಬೋರ್ಡ್ ಒರೆಸುತ್ತದೆ, ಎರಡನೆಯದು ಮಂಡಿಯನ್ನೇ ಗುಡಿಸಿ ಹಾಕುತ್ತದೆ.

ಈಗ ಪ್ಲಗ್ ತೆಗೆಯಿರಿ ಅಂದದ್ದು ಯಾಕೆ ಅಂತ ಹೇಳುತ್ತೇನೆ. ಓಡುತ್ತಿರುವ ವಿಂಡೋಸ್ ಸುಮ್ಮನೆ ಕೂರುವ ಜೀವಿಯಲ್ಲ. ಅಪ್‌ಡೇಟ್ ಇಳಿಸುತ್ತದೆ, ಬ್ರೌಸರ್ ತೆರೆದರೆ ನೂರಾರು ಚೂರು ಫೈಲ್ ಬರೆಯುತ್ತದೆ, ಮೆಮೊರಿ ಸಾಲದಿದ್ದರೆ ಡಿಸ್ಕಿನ ಮೇಲೆ ತಾತ್ಕಾಲಿಕವಾಗಿ ಸುರಿಯುತ್ತದೆ. ಇದೆಲ್ಲ ಎಲ್ಲಿ ಹೋಗುತ್ತದೆ? 'ಖಾಲಿ' ಜಾಗಕ್ಕೆ. ಈಗ ಅದರ ಕಣ್ಣಿಗೆ ನಿಮ್ಮ ಡಿ ಡ್ರೈವ್ ಇದ್ದ ಜಾಗವೆಲ್ಲ ಖಾಲಿಯೇ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಿದರೆ, ಹುಡುಕಲು ಬಂದ ಆಳೇ ಗೋಣಿಯ ಮೇಲೆ ಮಂಚ ಹಾಕಿದ ಹಾಗೆ. ಒಮ್ಮೆ ಮೇಲೆ ಬರೆದದ್ದನ್ನು ಯಾವ ಲ್ಯಾಬೂ ತಿರುಗಿ ತಂದುಕೊಡುವುದಿಲ್ಲ.

ಇನ್ನೊಂದು ಅಪಾಯ ವಿಂಡೋಸ್ ತಾನೇ ನೀಡುವ ಸಲಹೆಗಳು. ಡಿಸ್ಕ್ ಜೋಡಿಸಿದ ಕೂಡಲೇ 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂಬ ಪೆಟ್ಟಿಗೆ ಬರಬಹುದು, 'ಡಿಸ್ಕನ್ನು ಇನಿಶಿಯಲೈಸ್ ಮಾಡಿ' ಅನ್ನಬಹುದು. ಎರಡಕ್ಕೂ ಕ್ಯಾನ್ಸಲ್. ಚೆಕ್‌ಡಿಸ್ಕ್ ಓಡಿಸಬೇಡಿ, ಅದಕ್ಕೆ ಫೈಲ್ ವ್ಯವಸ್ಥೆ ಸರಿಹೋದರೆ ಸಾಕು, ನಿಮ್ಮ ಫೈಲಿನ ಚಿಂತೆ ಅದಕ್ಕಿಲ್ಲ. ಖಾಲಿ ಕಂಡ ಜಾಗದಲ್ಲಿ 'ಹೊಸ ವಾಲ್ಯೂಮ್ ಮಾಡಿದರೆ ಹಳೆಯದು ಬರಬಹುದು' ಅಂತ ಪ್ರಯೋಗ ಮಾಡುವುದೂ ಬೇಡ.

ಇಷ್ಟು ಹೇಳಿದ್ದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನ ಬಗ್ಗೆ. ಎಸ್‌ಎಸ್‌ಡಿ ಆದರೆ ಇಷ್ಟು ಧೈರ್ಯ ಹೇಳಲಾರೆ. ಅದರಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಇದೆ, ವಿಂಡೋಸ್ 7ರಿಂದ ಬಂದದ್ದು. ಯಾವ ಜಾಗ ಇನ್ನು ಬೇಡವೋ ಅದನ್ನು ವಿಂಡೋಸ್ ಎಸ್‌ಎಸ್‌ಡಿಗೆ ಮೊದಲೇ ತಿಳಿಸುತ್ತದೆ, ಎಸ್‌ಎಸ್‌ಡಿ ತನ್ನ ಪಾಡಿಗೆ ಅದನ್ನು ಒಳಗೊಳಗೇ ಅಳಿಸಿ ಸಿದ್ಧಮಾಡಿಕೊಳ್ಳುತ್ತದೆ. ಫಾರ್ಮ್ಯಾಟ್ ಮಾಡಿದರೆ ಇಡೀ ಪಾರ್ಟಿಶನ್‌ಗೆ ಟ್ರಿಮ್ ಹೋಗುತ್ತದೆ, ಕ್ವಿಕ್ ಆದರೂ ಅಷ್ಟೇ. ಆಮೇಲೆ ಆ ಜಾಗ ಓದಿದರೆ ಸಿಗುವುದು ಬಹುತೇಕ ಸೊನ್ನೆ. ಹಾಗಾಗಿ ಎಸ್‌ಎಸ್‌ಡಿಯಲ್ಲಿ ಪ್ಲಗ್ ತೆಗೆಯುವ ಅವಸರ ಇನ್ನೂ ಹೆಚ್ಚು. ಕಳಮನಾದ ಅಂಗಡಿಯದು ಹಳೆಯ 1 ಟಿಬಿ ಹಾರ್ಡ್ ಡಿಸ್ಕ್ ಆಗಿತ್ತು, ಅಲ್‌ಹಮ್ದುಲಿಲ್ಲಾಹ್. 'ಈ ಡಬ್ಬಾ ಬಹಳ ನಿಧಾನ' ಅಂತ ಸಾಹುಕಾರರು ಬೈಯುತ್ತಿದ್ದ ಡಿಸ್ಕೇ ಅವರ ಲೆಕ್ಕ ಉಳಿಸಿತು.

ಮುಂದಿನ ಹೆಜ್ಜೆ, ಬಹಳ ಜನ ಹಾರಿ ಹೋಗುವ ಹೆಜ್ಜೆ: ಮೊದಲು ಇಡೀ ಡಿಸ್ಕಿನ ನಕಲು ತೆಗೆಯಬೇಕು. ಫೈಲುಗಳ ನಕಲಲ್ಲ (ಫೈಲು ಕಾಣುತ್ತಲೇ ಇಲ್ಲವಲ್ಲ), ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದದ್ದು ಇದ್ದ ಹಾಗೆ. ಆಮೇಲೆ ಎಲ್ಲ ಹುಡುಕಾಟ ಆ ನಕಲಿನ ಮೇಲೆ. ಏನಾದರೂ ಕೆಟ್ಟರೆ ಮೂಲ ಹಾಗೇ ಇರುತ್ತದೆ. ಇದಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಒಳ್ಳೆಯದು, ಆಂಟೋನಿಯೊ ಡಿಯಾಜ್ ಡಿಯಾಜ್ ಬರೆದದ್ದು, ಗ್ನೂ ಯೋಜನೆಯದು. ಡಿಸ್ಕಿನಲ್ಲಿ ಓದಲಾಗದ ಜಾಗ ಬಂದರೆ ಅಲ್ಲೇ ತಲೆ ಬಡಿದುಕೊಳ್ಳದೆ ಮುಂದೆ ಹೋಗಿ ಸುಲಭದ್ದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಒಂದು ನಕ್ಷೆ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ಪೆನ್ ಡ್ರೈವ್‌ನಲ್ಲಿ ಇದೂ, ಮುಂದೆ ಹೇಳುವ ಟೆಸ್ಟ್‌ಡಿಸ್ಕ್ ಕೂಡ ಸಿದ್ಧವಾಗಿ ಸಿಗುತ್ತವೆ.

ಒಂದೇ ಒಂದು ಎಚ್ಚರಿಕೆ: ಎಲ್ಲಿಂದ, ಎಲ್ಲಿಗೆ ಅನ್ನುವುದನ್ನು ಹಿಂದುಮುಂದು ಮಾಡಿದರೆ ಖಾಲಿ ಡಿಸ್ಕ್ ನಿಮ್ಮ ಡಿಸ್ಕಿನ ಮೇಲೆ ನಕಲಾಗುತ್ತದೆ. ಡಿಸ್ಕಿನ ಕಂಪನಿ ಹೆಸರು, ಅಳತೆ, ಸೀರಿಯಲ್ ನಂಬರ್ ಚೀಟಿಯಲ್ಲಿ ಬರೆದಿಟ್ಟುಕೊಂಡು ಎರಡು ಸಲ ನೋಡಿ ಎಂಟರ್ ಒತ್ತಿ.

ಸಮಯ ಎಷ್ಟು ಬೇಕು ಅಂದರೆ, ಸೆಕೆಂಡಿಗೆ 100 ಎಂಬಿ ಓದಿದರೆ 1 ಟಿಬಿಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಹಳೆಯ ಯುಎಸ್‌ಬಿ 2 ಕೇಬಲ್ಲಿನಲ್ಲಿ ಸೆಕೆಂಡಿಗೆ 30 ಎಂಬಿ ಬಂದರೆ ಒಂಬತ್ತು ಗಂಟೆ ದಾಟುತ್ತದೆ. ಜಾಗವೂ ಬೇಕು: 1 ಟಿಬಿಯ ನಕಲಿಗೆ 1 ಟಿಬಿ, ಅದರಿಂದ ತೆಗೆದ ಫೈಲುಗಳಿಗೆ ಇನ್ನಷ್ಟು. ಮುನೀಮರಿಗೆ 2 ಟಿಬಿಯ ಹೊಸ ಹೊರಗಿನ ಡಿಸ್ಕ್ ಕೊಳ್ಳಲು ಹೇಳಿದೆ. ಸಾಹುಕಾರರು ಮುಖ ಸಿಂಡರಿಸಿದರಂತೆ. ಏಳು ವರ್ಷದ ಲೆಕ್ಕದ ಮುಂದೆ ಆ ಡಿಸ್ಕಿನ ಬೆಲೆ ಏನೂ ಅಲ್ಲ.

ನಕಲು ಆದ ಮೇಲೆ ಟೆಸ್ಟ್‌ಡಿಸ್ಕ್. ಕ್ರಿಸ್ಟೋಫ್ ಗ್ರೆನಿಯೆ ಬರೆದ ಮುಕ್ತ ತಂತ್ರಾಂಶ, ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ನೋಡಲು ಚಂದವಿಲ್ಲ, ಕಪ್ಪು ಪರದೆ, ಮೌಸ್ ಕೆಲಸ ಮಾಡಲ್ಲ. ಹೆದರಬೇಡಿ. ಡಿಸ್ಕನ್ನೋ ನಕಲಿನ ಫೈಲನ್ನೋ ಆರಿಸಿ, ಪಟ್ಟಿಯ ಬಗೆಯನ್ನು ಅದೇ ಊಹಿಸಿದಂತೆ ಒಪ್ಪಿಕೊಂಡು, 'ಅನಲೈಸ್', ಆಮೇಲೆ 'ಕ್ವಿಕ್ ಸರ್ಚ್'. ಅದು ಮಾಡುವ ಕೆಲಸ ಸರಳ: ಬೋರ್ಡನ್ನು ನಂಬದೆ ಮಂಡಿಯಲ್ಲಿ ತಾನೇ ನಡೆದು, 'ಇಲ್ಲೊಂದು ಅಂಗಡಿಯ ಬಾಗಿಲು ಕಾಣುತ್ತಿದೆ' ಅಂತ ಪಾರ್ಟಿಶನ್‌ಗಳ ಮೊದಲ ಸೆಕ್ಟರಿನ ಗುರುತುಗಳನ್ನು ಹುಡುಕುವುದು. ಸಿಗದಿದ್ದರೆ 'ಡೀಪರ್ ಸರ್ಚ್' ಇದೆ. ಕೊನೆಯಲ್ಲಿರುವ ನಕಲು ಬಾಗಿಲುಗಳನ್ನೂ ಅದು ನೋಡುತ್ತದೆ, ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ.

ಸಿಕ್ಕ ಪಾರ್ಟಿಶನ್ ಮೇಲೆ ನಿಂತು ಕೀಬೋರ್ಡಿನ 'ಪಿ' ಒತ್ತಿದರೆ ಒಳಗಿನ ಫೈಲುಗಳ ಪಟ್ಟಿ ಕಾಣುತ್ತದೆ. ಆಗ ಬರುವ ಸಮಾಧಾನ ನೋಡಿದವರಿಗೇ ಗೊತ್ತು. ಕನ್ನಡದಲ್ಲಿ ಹೆಸರಿಟ್ಟ ಫೈಲು ಆ ಕಪ್ಪು ಪರದೆಯಲ್ಲಿ ಚೌಕ ಚೌಕವಾಗಿ ಕಾಣಬಹುದು, ಗಾಬರಿ ಬೇಡ. ಇಲ್ಲಿ ಎರಡು ದಾರಿ. 'ರೈಟ್' ಕೊಟ್ಟರೆ ಬೋರ್ಡನ್ನೇ ತಿರುಗಿ ಬರೆದು ಡ್ರೈವನ್ನು ಮರಳಿ ತರುತ್ತದೆ. ಇಲ್ಲವಾದರೆ ಬೇಕಾದ ಫೋಲ್ಡರನ್ನು ಆರಿಸಿ 'ಸಿ' ಒತ್ತಿ ಇನ್ನೊಂದು ಡಿಸ್ಕಿಗೆ ನಕಲಿಸಿಕೊಳ್ಳಬಹುದು. ಯಾವಾಗಲೂ ಮೊದಲು ಎರಡನೆಯದನ್ನೇ ಮಾಡಿ. ನಕಲು ಕೈಗೆ ಬಂದು, ತೆರೆದು ನೋಡಿ ಖಾತ್ರಿಯಾದ ಮೇಲೆ ಬೇಕಿದ್ದರೆ ಬೋರ್ಡ್ ಬರೆಯುವ ಯೋಚನೆ.

ಕಳಮನಾದಲ್ಲಿ ಬೋರ್ಡ್ ಬರೆಯುವ ಮಾತೇ ಇರಲಿಲ್ಲ. ಹಳೆಯ ಡಿ ಜಾಗವನ್ನೂ ನುಂಗಿಕೊಂಡು ಹೊಸ ಸಿ ಡ್ರೈವ್ ಕೂತಿತ್ತಲ್ಲ. ಎರಡು ಪಾರ್ಟಿಶನ್ ಒಂದರ ಮೇಲೊಂದು ಬಿದ್ದಿವೆ ಅಂತ ಟೆಸ್ಟ್‌ಡಿಸ್ಕ್ ದೂರು ಹೇಳಿತು. ಆದರೂ ಹಳೆಯ ಡಿ ಬಾಗಿಲು ಸಿಕ್ಕಿತು, 'ಪಿ' ಒತ್ತಿದರೆ ಫೋಲ್ಡರುಗಳು ಕಂಡವು. ಕಾರಣ ಲೆಕ್ಕ ಹಾಕಿದರೆ ತಿಳಿಯುತ್ತದೆ. ಹಳೆಯ ಸಿ ಡ್ರೈವ್ ಡಿಸ್ಕಿನ ಮೊದಲ 200 ಜಿಬಿ, ಡಿ ಅದರ ನಂತರದ್ದು. ಹೊಸ ವಿಂಡೋಸ್ ಬರೆದದ್ದು ಕೆಲವು ಹತ್ತು ಜಿಬಿ, ಅದೂ ಬಹುಪಾಲು ಮುಂಭಾಗದಲ್ಲಿ. ಎನ್‌ಟಿಎಫ್‌ಎಸ್ ಹೊಸ ಖಾತೆ ಪುಸ್ತಕವನ್ನು ಸಾಮಾನ್ಯವಾಗಿ ಪಾರ್ಟಿಶನ್ ಶುರುವಿನಿಂದ 3 ಜಿಬಿ ದೂರದಲ್ಲಿ ಇಡುತ್ತದೆ; ಅದೂ ಹಳೆಯ ಸಿ ಜಾಗದಲ್ಲೇ ಬಿತ್ತು. ಡಿ ಪುಸ್ತಕ 200 ಜಿಬಿಯ ಆಚೆ ಸುರಕ್ಷಿತವಾಗಿತ್ತು. ಆದರೆ ವಿಂಡೋಸ್ ಯಾವಾಗಲೂ ಮುಂದಿನಿಂದಲೇ ಬರೆಯುತ್ತದೆ ಅನ್ನುವ ಭರವಸೆ ಇಲ್ಲ. ಇಲ್ಲೂ ಕೆಲವು ಚೂರು ಡಿ ಜಾಗಕ್ಕೆ ಬಿದ್ದಿದ್ದವು.

ಟ್ಯಾಲಿ ಫೋಲ್ಡರ್ ಪೂರ್ತಿ ಬಂತು. ಟ್ಯಾಲಿ ಕಂಪನಿಯ ಲೆಕ್ಕವನ್ನು ಅಂಕಿಯ ಹೆಸರಿನ ಒಂದು ಫೋಲ್ಡರಿನಲ್ಲಿ, ಹಲವು ಫೈಲುಗಳಾಗಿ ಇಡುತ್ತದೆ. ಅವೆಲ್ಲ ಅವೇ ಹೆಸರಿನಲ್ಲಿ ಒಟ್ಟಿಗೆ ಬಂದರೆ ಮಾತ್ರ ಲೆಕ್ಕ ತೆರೆಯುತ್ತದೆ. ಹೆಸರು ಉಳಿಸಿಕೊಂಡು ತರುವ ದಾರಿಯನ್ನು ಮೊದಲು ಹಿಡಿಯಬೇಕು ಅನ್ನುವುದು ಇದಕ್ಕೇ. ಊರಿನ ಕಾಗದಗಳಲ್ಲಿ ಹೆಚ್ಚಿನವು ಸರಿಯಾಗಿದ್ದವು. ಕೆಲವು ಚಿತ್ರ ತೆರೆದರೆ ಮೇಲಿನ ಅರ್ಧ ಸರಿ, ಕೆಳಗಿನ ಅರ್ಧ ಬೂದಿ ಬಣ್ಣ. ಅಂದರೆ ಆ ಫೈಲಿನ ಉಳಿದರ್ಧದ ಮೇಲೆ ಹೊಸ ವಿಂಡೋಸಿನ ಏನೋ ಕೂತಿದೆ. ಫೈಲಿನ ಹೆಸರು, ಅಳತೆ, ತಾರೀಕು ಎಲ್ಲ ಸರಿಯಾಗಿಯೇ ಕಾಣುತ್ತವೆ, ಯಾಕೆಂದರೆ ಅವು ಪುಸ್ತಕದಿಂದ ಬಂದವು, ಡೇಟಾದಿಂದಲ್ಲ. ಆದ್ದರಿಂದ ಪಟ್ಟಿ ನೋಡಿ ಖುಷಿಪಟ್ಟು ಸುಮ್ಮನಾಗಬೇಡಿ. ಮುಖ್ಯವಾದ ಒಂದೊಂದು ಫೈಲನ್ನೂ ತೆರೆದು ಕೊನೆಯ ಪುಟದವರೆಗೆ ನೋಡಬೇಕು. ಮುನೀಮರು ಒಂದು ಇಡೀ ಶುಕ್ರವಾರ ಜುಮಾ ಆದ ಮೇಲೆ ಕೂತು ನೋಡಿ, ಕೆಟ್ಟಿದ್ದ ಪುಟಗಳ ಪಟ್ಟಿ ಮಾಡಿ ಊರಿಗೆ ಕಳಿಸಿದರು. ಮುತವಲ್ಲಿಯವರ ಮನೆಯ ಟ್ರಂಕಿನಲ್ಲಿ ಮೂಲ ಕಾಗದ ಇದ್ದವು. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರು.

ಖಾತೆ ಪುಸ್ತಕವೇ ಹೋಗಿದ್ದರೆ ಏನು ಮಾಡುವುದು? ಆಗ ಕೊನೆಯ ದಾರಿ ಫೋಟೋರೆಕ್. ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತದೆ. ಹೆಸರಿನಲ್ಲಿ ಫೋಟೋ ಇದ್ದರೂ ನೂರಾರು ಬಗೆಯ ಫೈಲನ್ನು ಹುಡುಕುತ್ತದೆ. ಇದಕ್ಕೆ ಬೋರ್ಡೂ ಬೇಡ, ಪುಸ್ತಕವೂ ಬೇಡ. ಗೋಣಿಯನ್ನೇ ಮೂಸಿ ಇದು ಮೆಣಸಿನಕಾಯಿ, ಇದು ಕೊತ್ತಂಬರಿ ಅಂತ ಹೇಳುವ ಹಮಾಲನ ಹಾಗೆ. ಹೆಚ್ಚಿನ ಬಗೆಯ ಫೈಲುಗಳಿಗೆ ಶುರುವಿನಲ್ಲಿ ಒಂದು ಗುರುತು ಇರುತ್ತದೆ. ಪಿಡಿಎಫ್ ಫೈಲು ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಮೂರಕ್ಷರದಿಂದಲೇ ಶುರು. ಹೊಸ ವರ್ಡ್ ಫೈಲು ನಿಜಕ್ಕೂ ಒಂದು ಜಿಪ್ ಪೆಟ್ಟಿಗೆ, ಹಾಗಾಗಿ ಪಿ ಮತ್ತು ಕೆ ಅಕ್ಷರದಿಂದ. ಇವನ್ನು ನೋಡಿ ನೋಡಿ ಎತ್ತಿಡುತ್ತದೆ. ಬೆಲೆ ಏನೆಂದರೆ ಹೆಸರು, ಫೋಲ್ಡರ್ ಎರಡೂ ಹೋಗುತ್ತವೆ. 'ಎಫ್' ಅಕ್ಷರ ಮತ್ತು ಒಂದು ಉದ್ದ ಸಂಖ್ಯೆ, ಅದೇ ಫೈಲಿನ ಹೊಸ ಹೆಸರು. ಇಂಥವು ಸಾವಿರಗಟ್ಟಲೆ. ಡೇಟಾ ಎರಡು ಮೂರು ಕಡೆ ಚದುರಿದ್ದ ಫೈಲಾದರೆ ಪೂರ್ತಿ ಬರುವುದೂ ಅನುಮಾನ.

ನಮ್ಮ ಲೇಖಕರಿಗೆ ಇಲ್ಲಿ ಒಂದು ವಿಶೇಷ ತೊಡಕು ಇದೆ, ಇಂಗ್ಲಿಷಿನ ಯಾವ ವಿವರಣೆಯಲ್ಲೂ ಇದು ಬರಲ್ಲ. ಸಾವಿರಾರು ಹೆಸರಿಲ್ಲದ ಫೈಲಿನಲ್ಲಿ ನಿಮ್ಮ ಕಥೆ ಯಾವುದು ಅಂತ ಹುಡುಕಲು ಒಂದು ಪದ ಹಾಕಿ ಸರ್ಚ್ ಕೊಡುತ್ತೀರಿ. ಏನೂ ಸಿಗುವುದಿಲ್ಲ. ಫೈಲು ಇಲ್ಲ ಅಂತಲ್ಲ. ಹತ್ತು ಹದಿನೈದು ವರ್ಷದ ಹಿಂದೆ ನಾವೆಲ್ಲ ಬರೆದದ್ದು ಬರಹ ಅಥವಾ ನುಡಿಯ ಹಳೆಯ ಫಾಂಟಿನಲ್ಲಿ. ಬರಹವನ್ನು ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ತಂದರು, ನುಡಿಯನ್ನು ಕನ್ನಡ ಗಣಕ ಪರಿಷತ್ತು ತಂದಿತು. ಆ ಹಳೆಯ ಫಾಂಟುಗಳಲ್ಲಿ ಒಳಗೆ ಉಳಿಯುವುದು ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಮತ್ತು ಲ್ಯಾಟಿನ್ ಚಿಹ್ನೆಗಳ ಸಂಕೇತ. ನುಡಿಯಲ್ಲಿ 'ಕ' ಬರೆದರೆ ಯಂತ್ರಕ್ಕೆ ಕಾಣುವುದು ಇಂಗ್ಲಿಷಿನ 'ಪಿ' ಮತ್ತು ಅದರ ಪಕ್ಕ ತಲೆಯ ಮೇಲೆ ಗೀಟಿರುವ ಒಂದು 'ಎ'. ಈಗಿನ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಅದು ಹೇಗೆ ಸಿಕ್ಕೀತು? ಹುಡುಕುವ ಪದವನ್ನೂ ನುಡಿ ಸಂಕೇತಕ್ಕೆ ಪರಿವರ್ತಿಸಿ ಹಾಕಬೇಕು. ಯೂನಿಕೋಡ್‌ನಿಂದ ನುಡಿಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಹಳೆಯ ಇನ್‌ಪೇಜ್‌ನಲ್ಲಿ ಮಾಡಿದ ಉರ್ದು ಬರಹಕ್ಕೂ ಇದೇ ಪಾಡು, ಅದಕ್ಕೂ ಅದರದ್ದೇ ಸಂಕೇತ.

ಇನ್ನೊಂದು ದಾರಿ ಇದೆ, ನನಗೆ ಇದೇ ಮೇಲು ಅನ್ನಿಸುತ್ತದೆ. ವರ್ಡ್ ಫೈಲಿನ ಒಳಗೆ ಬರೆದವರ ಹೆಸರು, ಬಳಸಿದ ಫಾಂಟಿನ ಹೆಸರು ಇಂಗ್ಲಿಷಿನಲ್ಲೇ ಉಳಿದಿರುತ್ತವೆ. 'ನುಡಿ' ಎಂಬ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ, ಫೈಲಿನ ಒಳಗನ್ನೂ ನೋಡುವಂತೆ ಹುಡುಕಿದರೆ ನಿಮ್ಮ ಕನ್ನಡ ಫೈಲುಗಳಲ್ಲಿ ಕೆಲವು ಸಿಗಬಹುದು. ಆಮೇಲೆ ಒಂದೊಂದೇ ತೆರೆದು ನೋಡುವ ಕೆಲಸ.

ಇದನ್ನೆಲ್ಲ ಸ್ವಂತ ಮಾಡಬಾರದ ಸಂದರ್ಭಗಳೂ ಇವೆ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ, ತಿರುಗಿ ತಿರುಗಿ ನಿಂತರೆ, ಕೆಳಗೆ ಬಿದ್ದಿದ್ದರೆ ಒಂದು ಸಲವೂ ಕರೆಂಟ್ ಕೊಡಬೇಡಿ. ಓದುವ ತಲೆ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರುತ್ತಿರುತ್ತದೆ. ಒಂದು ಧೂಳಿನ ಕಣವೂ ಅದಕ್ಕೆ ಬಂಡೆ. ಅಂಥ ಡಿಸ್ಕನ್ನು ಬೀದಿಬದಿಯ ಅಂಗಡಿಯಲ್ಲಿ ಸ್ಕ್ರೂ ಬಿಚ್ಚಿ 'ನೋಡೋಣ' ಅನ್ನುವವರ ಕೈಗೆ ಕೊಡಬಾರದು, ಧೂಳಿಲ್ಲದ ಕೋಣೆ ಇರುವ ಲ್ಯಾಬಿಗೇ ಹೋಗಬೇಕು. ದುಡ್ಡಿನ ರಿಕವರಿ ಸಾಫ್ಟ್‌ವೇರುಗಳ ಕಳ್ಳ ಪ್ರತಿಯನ್ನೂ ಮುಟ್ಟಬೇಡಿ. ಹಲಾಲ್ ಹರಾಮಿನ ಮಾತು ಒಂದು ಕಡೆ ಇರಲಿ, ಅದರ ಜೊತೆ ಬರುವ ವೈರಸ್ಸು ಉಳಿದದ್ದನ್ನೂ ತೆಗೆದುಕೊಂಡು ಹೋಗಬಹುದು. ಡಿಎಂಡಿಇ ಎಂಬುದರ ಉಚಿತ ಆವೃತ್ತಿಯೇ ಸಲಕ್ಕೆ ಒಂದು ಫೋಲ್ಡರಿನಿಂದ 4000 ಫೈಲು ತೆಗೆದುಕೊಡುತ್ತದೆ, ಮನೆಯ ಕೆಲಸಕ್ಕೆ ಧಾರಾಳ ಸಾಕು.

ಬಿಟ್‌ಲಾಕರ್ ಬಗ್ಗೆಯೂ ಕೇಳಿಕೊಳ್ಳಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ನಮಗೆ ಗೊತ್ತಿಲ್ಲದೇ ಬೀಗ ಹಾಕಿಕೊಂಡಿರುತ್ತದೆ. ಅದರ ಬೀಗದ ಕೈ 48 ಅಂಕಿಯ ಸಂಖ್ಯೆ, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಡಿಲೀಟ್ ಆದ ಪಾರ್ಟಿಶನ್ ಸಿಕ್ಕರೂ ಈ ಸಂಖ್ಯೆ ಇಲ್ಲದಿದ್ದರೆ ಒಳಗಿನದು ಬರೀ ಕಸ. ಇವತ್ತೇ ಖಾತೆ ತೆರೆದು ಅದನ್ನು ಕಾಗದದಲ್ಲಿ ಬರೆದಿಡಿ.

ಕೊನೆಗೆ ಅಂಗಡಿಗೆ ಕೊಡುವ ವಿಚಾರ. ಡಿಸ್ಕಿನಲ್ಲಿ ನಮ್ಮದಷ್ಟೇ ಇರುವುದಿಲ್ಲ. ಹೆಣ್ಣುಮಕ್ಕಳ ಮದುವೆ ಫೋಟೋ, ಜಮಾಅತ್‌ನ ನಿಕಾಹ್ ರಿಜಿಸ್ಟರಿನ ಪುಟ, ಯಾರದೋ ಆಧಾರ್ ಪ್ರತಿ, ರೈತರ ಬ್ಯಾಂಕ್ ನಂಬರ್. ಇವೆಲ್ಲ ಅಮಾನತ್. ನಕಲು ತೆಗೆಯಲು ಬೇಕಾದ ಖಾಲಿ ಡಿಸ್ಕನ್ನು ನೀವೇ ಕೊಂಡೊಯ್ಯಿರಿ, ಇಡೀ ಕೆಲಸ ಅದರ ಮೇಲೇ ಆಗಲಿ, ಸಿಕ್ಕ ಫೈಲೂ ಅದರಲ್ಲೇ ಇರಲಿ ಅಂತ ಮೊದಲೇ ಮಾತಾಡಿ. ಅಂಗಡಿಯ ಕಂಪ್ಯೂಟರಿಗೆ ಒಮ್ಮೆ ಇಳಿಸಿದರೆ, ಆಮೇಲೆ ಅವರು ನಿಮ್ಮ ಎದುರಿಗೇ ಡಿಲೀಟ್ ಮಾಡಿ ತೋರಿಸಿದರೂ ಅದು ಹೋಗಿರುವುದಿಲ್ಲ. ಟೆಸ್ಟ್‌ಡಿಸ್ಕ್ ಅಲ್ಲೂ ಓಡುತ್ತದೆ. ಹಳೆಯ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕುವಾಗಲೂ ಅಷ್ಟೇ: ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟು, ಅದು ಮುಗಿಯುವವರೆಗೆ ಕಾದು ಆಮೇಲೆ ಕೊಡಿ.